ಬೋರಲು ಹಾಕಿದರೆ ಗಾಢ ನಿದ್ದೆ, ಅಂಗಾತ ಹಾಕಿದರೆ ಬೆಚ್ಚಿ ಏಳುತ್ತದೆ: ಏನು ಮಾಡಲಿ?

ಪ್ರಶ್ನೆ: ನಮ್ಮ ಮಗುವಿಗೆ ಈಗ ಹತ್ತು ವಾರ. ಅಂಗಾತ ಮಲಗಿಸಿದರೆ ಇಪ್ಪತ್ತು ನಿಮಿಷಕ್ಕೆಲ್ಲ ಬೆಚ್ಚಿಬಿದ್ದು ಏಳುತ್ತದೆ. ಬೋರಲು ಹಾಕಿದರೆ ಎರಡು ಗಂಟೆ ಅಲುಗಾಡದೆ ಮಲಗುತ್ತದೆ. ಹಾಲು ಕುಡಿದ ಮೇಲೆ ಸ್ವಲ್ಪ ಕಕ್ಕುವ ಅಭ್ಯಾಸವಿದೆ. ಅಂಗಾತ ಮಲಗಿದಾಗ ಕಕ್ಕಿದರೆ ಉಸಿರು ಕಟ್ಟೀತು ಎಂದು ನಮ್ಮ ಅತ್ತೆಯವರಿಗೆ ಭಯ. ತಲೆಯ ಕಡೆ ಎತ್ತರವಿರುವ ಇಳಿಜಾರು ಹಾಸಿಗೆ ತರಬಹುದೇ? ರಾತ್ರಿ ಹಾಲು ಕುಡಿಸುತ್ತಾ ಎಷ್ಟೋ ಸಲ ಸೋಫಾದಲ್ಲೇ ನಿದ್ದೆ ಹೋಗಿದ್ದೇನೆ. ಅದಕ್ಕಿಂತ ಮಗುವನ್ನು ನಮ್ಮ ಜೊತೆಗೇ ಮಲಗಿಸಿಕೊಳ್ಳುವುದು ವಾಸಿಯೇ?

ಉತ್ತರ: ಸೋಫಾದಿಂದಲೇ ಶುರು ಮಾಡೋಣ. ನೀವು ಅದನ್ನು ಕೊನೆಯಲ್ಲಿ, ಸ್ವಲ್ಪ ಸಂಕೋಚದಿಂದ ಬರೆದಂತಿದೆ. ಆದರೆ ನೀವು ಹೇಳಿರುವುದರಲ್ಲೆಲ್ಲ ಅತಿ ಹೆಚ್ಚು ಅಪಾಯದ್ದು ಅದೇ. ದೊಡ್ಡವರು ಸೋಫಾದಲ್ಲೋ ಆರಾಮಕುರ್ಚಿಯಲ್ಲೋ ಮಗುವನ್ನು ಅವುಚಿಕೊಂಡು ನಿದ್ದೆ ಹೋದಾಗ ಮಗು ಮೆಲ್ಲಗೆ ಜಾರಿ ಅವರ ಮೈಗೂ ಮೆತ್ತೆಗೂ ನಡುವಿನ ಸಂದಿಗೆ ಇಳಿಯುತ್ತದೆ. ಅಲ್ಲಿ ಮೂಗು-ಬಾಯಿ ಒತ್ತಿಹೋದರೆ ಮುಖ ಬಿಡಿಸಿಕೊಳ್ಳುವಷ್ಟು ಶಕ್ತಿ ಹತ್ತು ವಾರದ ಕುತ್ತಿಗೆಗೆ ಇರುವುದಿಲ್ಲ. ಬಾಯಿ ಮುಚ್ಚಿಹೋಗಿರುವುದರಿಂದ ಅಳುವಿನ ಸದ್ದೂ ಬರುವುದಿಲ್ಲ. ಹಾಗಾಗಿ ಪಕ್ಕದಲ್ಲೇ ಇರುವ ತಾಯಿಗೂ ಗೊತ್ತಾಗುವುದಿಲ್ಲ.

ಹಾಲೂಡುವಾಗ ನಿದ್ದೆ ಬರುವುದು ತಪ್ಪೇನಲ್ಲ, ಅದು ಶರೀರದ ಸಹಜ ಸ್ವಭಾವ. ಹಾಲೂಡುವಾಗ ಸ್ರವಿಸುವ ಹಾರ್ಮೋನುಗಳೂ ತೂಕಡಿಕೆ ತರುತ್ತವೆ. ಆದ್ದರಿಂದ "ಇವತ್ತು ನಿದ್ದೆ ಮಾಡುವುದಿಲ್ಲ" ಎಂಬ ಸಂಕಲ್ಪವನ್ನು ನಂಬಿಕೊಳ್ಳಬೇಡಿ. ನಿದ್ದೆ ಬಂದೇ ಬರುತ್ತದೆ ಎಂದುಕೊಂಡು ಜಾಗ ಸಿದ್ಧಮಾಡಿಕೊಳ್ಳಿ. ರಾತ್ರಿಯ ಹಾಲೂಡಿಕೆಯನ್ನು ಸೋಫಾದಿಂದ ನಿಮ್ಮ ಮಂಚಕ್ಕೆ ಬದಲಾಯಿಸಿ. ಕೂರುವ ಮೊದಲೇ ಆ ಭಾಗದ ದಿಂಬು, ರಜಾಯಿ, ಕಂಬಳಿಗಳನ್ನು ತೆಗೆದು ದೂರ ಇಡಿ. ಗೋಡೆಗೂ ಮಂಚಕ್ಕೂ ನಡುವೆ ಸಂದಿ ಇದ್ದರೆ ಆ ಬದಿಯಲ್ಲಿ ಮಗುವನ್ನು ಇಟ್ಟುಕೊಳ್ಳಬೇಡಿ. ನಿದ್ದೆ ಹತ್ತಿಬಿಟ್ಟರೆ, ಎಚ್ಚರವಾದ ಕ್ಷಣವೇ ಮಗುವನ್ನು ಅದರ ಸ್ವಂತ ಜಾಗಕ್ಕೆ ಹಾಕಿ. ಹೀಗೆ ಮಾಡಿದರೂ ಅಪಾಯ ಪೂರ್ತಿ ಹೋಗುವುದಿಲ್ಲ, ಆದರೆ ಸೋಫಾಕ್ಕಿಂತ ಬಹಳ ಕಡಿಮೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಹಾಲು ಮುಗಿಯುವ ಹೊತ್ತಿಗೆ ಎದ್ದು ಮಗುವನ್ನು ಎತ್ತಿಕೊಳ್ಳುವ ಕೆಲಸವನ್ನು ಅವರಿಗೆ ಒಪ್ಪಿಸಿ. ಒಬ್ಬರೇ ಇದ್ದರೆ ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಅಲಾರಾಂ ಕಂಪಿಸುವಂತೆ ಇಟ್ಟುಕೊಳ್ಳಿ.

ಗಾಢ ನಿದ್ದೆಯೇ ಏಕೆ ತೊಂದರೆ

ಇನ್ನು ಬೋರಲು-ಅಂಗಾತದ ಮಾತು. ಬೋರಲು ಹಾಕಿದರೆ ಮಗು ಹೆಚ್ಚು ಹೊತ್ತು, ಹೆಚ್ಚು ಗಾಢವಾಗಿ ಮಲಗುತ್ತದೆ ಎಂದು ನೀವು ಗಮನಿಸಿದ್ದು ನಿಜವೇ. ಅಳತೆ ಮಾಡಿ ನೋಡಿದ ವೈದ್ಯರೂ ಅದನ್ನೇ ಕಂಡಿದ್ದಾರೆ. ನಿಮಗೆ ಅನುಕೂಲವಾಗಿ ಕಾಣುವ ಆ ಗಾಢತೆಯೇ ಅಪಾಯದ ಮೂಲ.

ಆರೋಗ್ಯವಾಗಿರುವ ಮಗುವಿಗೆ ನಿದ್ದೆಯಲ್ಲಿ ಉಸಿರಾಟಕ್ಕೆ ಅಡ್ಡಿಯಾದರೆ ಮೆದುಳಿನ ಕಾಂಡದಲ್ಲಿರುವ ನರಕೇಂದ್ರಗಳು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದನ್ನೂ ಆಮ್ಲಜನಕ ಇಳಿದಿದ್ದನ್ನೂ ಗುರುತಿಸಿ ಎಬ್ಬಿಸುತ್ತವೆ. ಮಗು ಬೆಚ್ಚುತ್ತದೆ, ನಿಟ್ಟುಸಿರು ಬಿಡುತ್ತದೆ, ತಲೆ ಹೊರಳಿಸುತ್ತದೆ, ಅಳುತ್ತದೆ. ಮೊದಲ ತಿಂಗಳುಗಳಲ್ಲಿ ಈ ಏರ್ಪಾಡು ಇನ್ನೂ ಬಲಿಯುತ್ತಿರುತ್ತದೆ, ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ದುರ್ಬಲವಾಗಿರುತ್ತದೆ. ಹೊರಗಿನಿಂದ ನೋಡಿ ಯಾವ ಮಗುವಿಗೆ ಆ ದೌರ್ಬಲ್ಯವಿದೆ ಎಂದು ಹೇಳಲು ಬರುವುದಿಲ್ಲ. ಬೋರಲು ಮಲಗಿದಾಗ ಎರಡು ಮೂರು ತೊಂದರೆಗಳು ಒಟ್ಟಿಗೇ ಸೇರುತ್ತವೆ. ಎಚ್ಚರಗೊಳ್ಳುವ ಪ್ರತಿಕ್ರಿಯೆ ಮಂದವಾಗುತ್ತದೆ. ಮುಖ ಹಾಸಿಗೆಗೆ ತಗುಲಿ, ತಾನೇ ಬಿಟ್ಟ ಗಾಳಿಯನ್ನು ಮಗು ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಎಳೆಯ ಮಗು ಮೈಶಾಖವನ್ನು ಬಹುಪಾಲು ಹೊರಹಾಕುವುದು ಮುಖ ಮತ್ತು ತಲೆಯಿಂದ. ಮುಖ ಅಡಿಯಾದರೆ ಆ ದಾರಿಯೂ ಕಡಿಮೆಯಾಗಿ ಮೈ ಬಿಸಿಯೇರುತ್ತದೆ. ಆರೋಗ್ಯವಾಗಿದ್ದ ಮಗು ಕಾರಣ ತಿಳಿಯದೆ ನಿದ್ದೆಯಲ್ಲೇ ಸಾಯುವುದನ್ನು ಹಠಾತ್ ಶಿಶುಮರಣ ಎನ್ನುತ್ತಾರೆ. ಅದಕ್ಕೆ ವೈದ್ಯರು ಕೊಡುವ ವಿವರಣೆಯೂ ಮೂರು ಸಂಗತಿಗಳ ಕೂಟ: ಒಳಗೊಂದು ಕಾಣದ ದೌರ್ಬಲ್ಯ, ಬೆಳವಣಿಗೆಯ ನಾಜೂಕಾದ ಘಟ್ಟ, ಹೊರಗಿನಿಂದ ಬರುವ ಒತ್ತಡ. ಮೊದಲೆರಡು ನಮ್ಮ ಕೈಯಲ್ಲಿಲ್ಲ. ಮೂರನೆಯದು ಇದೆ.

ಇಂಥ ಸಾವುಗಳಲ್ಲಿ ಸುಮಾರು ಶೇ. 90 ಮೊದಲ ಆರು ತಿಂಗಳೊಳಗೇ ಆಗುತ್ತವೆ. ಅದರಲ್ಲೂ ಹೆಚ್ಚಿನವು ಒಂದರಿಂದ ನಾಲ್ಕು ತಿಂಗಳ ನಡುವೆ. ನಿಮ್ಮ ಮಗು ಸರಿಯಾಗಿ ಆ ಅವಧಿಯಲ್ಲಿದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 1992ರಲ್ಲಿ ಮಕ್ಕಳನ್ನು ಬೋರಲು ಮಲಗಿಸಬೇಡಿ ಎಂದು ಸಲಹೆ ಕೊಟ್ಟಿತು. 1994ರಲ್ಲಿ ಅದೇ ಮಾತನ್ನು ಮನೆಮನೆಗೆ ತಲುಪಿಸುವ ಪ್ರಚಾರ ಆರಂಭವಾಯಿತು. ಆ ದಶಕದಲ್ಲಿ ಅಲ್ಲಿನ ಹಠಾತ್ ಶಿಶುಮರಣದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಹೊಸ ಔಷಧಿಯಿಲ್ಲದೆ, ಯಂತ್ರವಿಲ್ಲದೆ, ಮಲಗಿಸುವ ಭಂಗಿಯೊಂದನ್ನು ಬದಲಿಸಿ ಇಷ್ಟು ಜೀವ ಉಳಿಸಿದ ಉದಾಹರಣೆ ಮಕ್ಕಳ ವೈದ್ಯಕೀಯದಲ್ಲಿ ಅಪರೂಪ.

ಹಾಗಾಗಿ ಹಗಲಿನ ಅರ್ಧ ಗಂಟೆಯ ನಿದ್ದೆಯಿರಲಿ, ರಾತ್ರಿಯದಿರಲಿ, ಒಂದು ವರ್ಷ ತುಂಬುವವರೆಗೆ ಪ್ರತಿ ಸಲವೂ ಅಂಗಾತವೇ ಮಲಗಿಸಿ. ಮಗ್ಗುಲಾಗಿ ಮಲಗಿಸುವುದು ಮಧ್ಯಮ ಮಾರ್ಗದಂತೆ ಕಾಣುತ್ತದೆ, ಆದರೆ ಮಗ್ಗುಲಲ್ಲಿ ಮಗು ನಿಲ್ಲುವುದಿಲ್ಲ. ಸ್ವಲ್ಪ ಕಾಲು ಆಡಿಸಿದರೂ ಬೋರಲಾಗಿಬಿಡುತ್ತದೆ. ಬೆನ್ನಿಗೆ ಬಟ್ಟೆಯ ಸುರುಳಿ ಕೊಟ್ಟು ನಿಲ್ಲಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಆ ಸುರುಳಿಯೇ ಮುಖದ ಹತ್ತಿರ ಬರಬಹುದು.

ಕಕ್ಕಿದರೆ ಉಸಿರು ಕಟ್ಟುವುದಿಲ್ಲವೇ?

ಅತ್ತೆಯವರ ಭಯ ಅಸಡ್ಡೆ ಮಾಡುವಂಥದ್ದಲ್ಲ. ಒಂದು ಕಾಲದಲ್ಲಿ ವೈದ್ಯರೇ ಬೋರಲು ಮಲಗಿಸಲು ಹೇಳುತ್ತಿದ್ದರು, ಕಾರಣವೂ ಇದೇ ಆಗಿತ್ತು. ಅವರಿಗೆ ಅಂಗರಚನೆಯನ್ನು ಹೀಗೆ ವಿವರಿಸಿ: ಕುತ್ತಿಗೆಯಲ್ಲಿ ಶ್ವಾಸನಾಳ ಮುಂದೆ, ಅನ್ನನಾಳ ಅದರ ಹಿಂದೆ. ಮಗು ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ ಬರುತ್ತದೆ. ಹೊಟ್ಟೆಯಿಂದ ಬಂದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಮಲಗಿದರೆ ಇದು ತಿರುಗುಮುರುಗು: ಶ್ವಾಸನಾಳದ ಬಾಯಿ ಕೆಳಗಾಗಿ, ಕಕ್ಕಿದ ಹಾಲು ಅಲ್ಲೇ ಬಂದು ನಿಲ್ಲಬಹುದು. ಜೊತೆಗೆ ಹುಟ್ಟಿದಾಗಿನಿಂದಲೇ ನುಂಗುವ, ಕೆಮ್ಮುವ ಪ್ರತಿಕ್ರಿಯೆಗಳು ಮಗುವಿಗೆ ಇರುತ್ತವೆ. ಕೋಟ್ಯಂತರ ಮಕ್ಕಳನ್ನು ಅಂಗಾತ ಮಲಗಿಸಲು ತೊಡಗಿದ ಮೇಲೆ ಉಸಿರುಕಟ್ಟಿ ಸಾಯುವವರ ಸಂಖ್ಯೆ ಹೆಚ್ಚಾಗಲಿಲ್ಲ.

ಕಕ್ಕುವುದನ್ನು ಕಡಿಮೆ ಮಾಡಲು ಕೆಲಸಕ್ಕೆ ಬರುವುದು ಬೇರೆ. ಹಾಲೂಡುವ ನಡುವೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೇಗು ತೆಗೆಸಿ. ಆಮೇಲೆ 20ರಿಂದ 30 ನಿಮಿಷ ಮಗುವನ್ನು ಭುಜದ ಮೇಲೆ ನೆಟ್ಟಗೆ ಎತ್ತಿಕೊಂಡಿರಿ. ಹೊಟ್ಟೆಯ ಮೇಲೆ ಬಿಗಿಯಾಗಿ ಡಯಾಪರ್ ಕಟ್ಟಬೇಡಿ. ಬಾಟಲಿಯಲ್ಲಿ ಕುಡಿಸುವವರಾದರೆ ನಿಪ್ಪಲಿನ ರಂಧ್ರ ದೊಡ್ಡದಾಗಿ ಹಾಲು ಸುರಿಯುತ್ತಿಲ್ಲವೇ ನೋಡಿ. ತೂಕ ಚೆನ್ನಾಗಿ ಏರುತ್ತಿದ್ದು, ಮಗು ನಗುನಗುತ್ತಾ ಕಕ್ಕುತ್ತಿದ್ದರೆ ಅದು ಬಟ್ಟೆ ಒಗೆಯುವವರ ತೊಂದರೆಯೇ ಹೊರತು ಮಗುವಿನದಲ್ಲ. ಹಸಿರು ಬಣ್ಣದ ವಾಂತಿ, ರಕ್ತ, ದೂರಕ್ಕೆ ಚಿಮ್ಮುವ ವಾಂತಿ, ಏರದ ತೂಕ ಇವು ಬೇರೆ ಮಾತು, ಕೂಡಲೇ ತೋರಿಸಿ.

ಇಳಿಜಾರು ಹಾಸಿಗೆ ಬೇಡ. ತಲೆಯ ಕಡೆ ಎತ್ತರಿಸಿದರೆ ಕಕ್ಕುವುದು ಕಡಿಮೆಯಾಗುವುದಿಲ್ಲ, ಆದರೆ ಮಗು ಜಾರಿ ಕಾಲಿನ ಕಡೆ ಗುಡ್ಡೆಯಾಗುತ್ತದೆ. ಎಳೆಗೂಸಿನ ತಲೆ ದೊಡ್ಡದು, ಭಾರ, ಕುತ್ತಿಗೆ ಸೋತದ್ದು. ಇಳಿಜಾರಿನಲ್ಲಿ ತಲೆ ಮುಂದಕ್ಕೆ ಬಿದ್ದು ಗದ್ದ ಎದೆಗೆ ಅಂಟಿದರೆ ಮೆತ್ತನೆಯ ಶ್ವಾಸನಾಳ ಮಡಿಸಿದ ಸ್ಟ್ರಾದಂತೆ ಬಾಗಿ ಕಿರಿದಾಗುತ್ತದೆ. ಇಳಿಜಾರಿನಲ್ಲಿ ಮಗುಚಿಕೊಳ್ಳುವುದೂ ಸುಲಭ, ಮತ್ತೆ ಬಿಡಿಸಿಕೊಳ್ಳುವುದು ಕಷ್ಟ. 10 ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ ಮಲಗುವ ಸಾಧನಗಳನ್ನು ಅಮೆರಿಕ 2022ರ ಕಾನೂನಿನಲ್ಲಿ ನಿಷೇಧಿಸಿತು. ಅದೇ ಕಾನೂನು ತೊಟ್ಟಿಲಿನ ಸುತ್ತ ಕಟ್ಟುವ ಮೆತ್ತೆಗಳನ್ನೂ ನಿಷೇಧಿಸಿತು.

ಕಾರ್ ಸೀಟ್, ಕುಳ್ಳಿರಿಸಿ ತೂಗುವ ಉಯ್ಯಾಲೆ, ಒರಗುಕುರ್ಚಿ, ಬಟ್ಟೆಯ ಜೋಲಿ, ಇವೆಲ್ಲಕ್ಕೂ ಅದೇ ಕಾರಣ ಅನ್ವಯಿಸುತ್ತದೆ. ಜೋಲಿಯಲ್ಲಿ ಮೈ ಬಿಲ್ಲಿನಂತಾಗುತ್ತದೆ, ಎರಡೂ ಕಡೆಯ ಬಟ್ಟೆ ಮುಖದ ಹತ್ತಿರ ಬರುತ್ತದೆ. ಕಾರಿನಲ್ಲಿ ಪ್ರಯಾಣ ಮಾಡುವಾಗ ಕಾರ್ ಸೀಟ್ ಇರಲೇಬೇಕು, ಅದಕ್ಕೆ ಬದಲಿಲ್ಲ. ಊರು ತಲುಪಿದ ಮೇಲೆ "ಪಾಪ, ಮಲಗಿದೆ" ಎಂದು ಅದರಲ್ಲೇ ಬಿಡಬೇಡಿ. ಎತ್ತಿ ಸಮತಟ್ಟಾದ ಜಾಗಕ್ಕೆ ಹಾಕಿ. ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿ ಮಗು ಇದ್ದಾಗ ಅದರ ಮುಖ ನಿಮಗೆ ಕಾಣುತ್ತಿರಬೇಕು, ಗದ್ದದ ಕೆಳಗೆ ಎರಡು ಬೆರಳಿನ ಜಾಗ ಇರಬೇಕು.

ಮಲಗುವ ಜಾಗ

ಗಟ್ಟಿ, ಸಮತಟ್ಟು, ಬರಿದು. ಈ ಮೂರಕ್ಕೆ ಸರಿಹೊಂದುವ ಯಾವ ತೊಟ್ಟಿಲಾದರೂ ಆದೀತು, ಬೆಲೆಗೂ ಸುರಕ್ಷತೆಗೂ ಸಂಬಂಧವಿಲ್ಲ. ಗಟ್ಟಿತನ ಪರೀಕ್ಷಿಸಲು ಹಾಸಿಗೆಯ ನಡುವೆ ಅಂಗೈಯಿಂದ ಒತ್ತಿ ಕೈ ತೆಗೆಯಿರಿ. ತಕ್ಷಣ ಮೊದಲಿನಂತಾಗಬೇಕು, ಅಂಗೈಯ ಗುರುತು ಉಳಿದರೆ ಅದು ಮಗುವಿಗೆ ಮೆತ್ತಗಾಯಿತು. ಮಗು ಮಲಗಿದಾಗ ತಲೆಯ ಕೆಳಗೆ ಹಳ್ಳ ಬೀಳಬಾರದು. ಮೈಯ ಆಕಾರಕ್ಕೆ ಕುಸಿಯುವ ಮೆಮರಿ ಫೋಮ್ ದೊಡ್ಡವರ ಬೆನ್ನಿಗೆ ಹಿತ, ಮಗುವಿನ ಮೂಗಿಗೆ ಬೇಡ. ಗಟ್ಟಿ ಹಾಸಿಗೆಯಲ್ಲಿ ಮಗುವಿಗೆ ನೋಯುತ್ತದೆ ಎನ್ನುವುದು ನಮ್ಮ ಮೈಯ ಅನುಭವದಿಂದ ಹುಟ್ಟಿದ ಊಹೆ ಅಷ್ಟೇ.

ಹಾಸಿಗೆಗೂ ತೊಟ್ಟಿಲಿನ ಪಕ್ಕಕ್ಕೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದಿ ಇರಬಾರದು. ಪಕ್ಕದ ಸರಳುಗಳ ನಡುವಿನ ಅಂತರ 6 ಸೆಂಟಿಮೀಟರ್ ಮೀರಬಾರದು. ಅದಕ್ಕಿಂತ ಅಗಲವಾದರೆ ಮೈ ನುಸುಳಿ ತಲೆ ಸಿಕ್ಕಿಕೊಳ್ಳುತ್ತದೆ. ಬೇರೆಯವರಿಂದ ಬಂದ ಹಳೆಯ ತೊಟ್ಟಿಲಾದರೆ ತಿರುಪುಗಳು ಬಿಗಿಯಾಗಿವೆಯೇ, ಯಾವುದಾದರೂ ಸರಳು ಸಡಿಲವಾಗಿದೆಯೇ ನೋಡಿ. ಒಂದು ಪಕ್ಕವನ್ನು ಕೆಳಗಿಳಿಸುವ ಜಾರುಬಾಗಿಲಿನ ತೊಟ್ಟಿಲನ್ನು ತೆಗೆದುಕೊಳ್ಳಬೇಡಿ. ಆ ಬಾಗಿಲು ಕಳಚಿದಾಗ ಉಂಟಾಗುವ ಸಂದಿಯಲ್ಲಿ ಮಕ್ಕಳು ಸಿಕ್ಕಿಕೊಂಡ ಘಟನೆಗಳಿಂದಾಗಿಯೇ ಅಮೆರಿಕದಲ್ಲಿ 2011ರಲ್ಲಿ ಅದರ ಮಾರಾಟ ನಿಂತಿತು. ತೂಗುವ ತೊಟ್ಟಿಲಾದರೆ ಮಗುವಿಗೆ ನಿದ್ದೆ ಬಂದ ಮೇಲೆ ಅಲುಗದಂತೆ ನಿಲ್ಲಿಸಿ. ವಾಲಿದ ತೊಟ್ಟಿಲಿನಲ್ಲಿ ಮಗು ಒಂದು ಮೂಲೆಗೆ ಹೊರಳಿ ಮುಖ ಪಕ್ಕಕ್ಕೆ ಒತ್ತಿಕೊಳ್ಳುತ್ತದೆ.

ಹಾಸಿಗೆಯ ಮೇಲೆ ಬಿಗಿಯಾಗಿ ಸಿಕ್ಕಿಸಿದ ಒಂದೇ ಒಂದು ತೆಳು ಹೊದಿಕೆ. ಅದರ ಮೇಲೆ ಮಗು. ಇನ್ನೇನೂ ಇಲ್ಲ. ದಿಂಬು, ಗೊಂಬೆ, ಸಡಿಲ ಕಂಬಳಿ, ಸುತ್ತಲಿನ ಮೆತ್ತೆ, ತಲೆ ಗುಂಡಗಾಗಲಿ ಎಂದು ಇಡುವ ನಡುವೆ ಗುಳಿಯಿರುವ ದಿಂಬು, ಯಾವುದೂ ಬೇಡ. ತಲೆಯ ಆಕಾರದ ಚಿಂತೆ ಎಲ್ಲರಿಗೂ ಇರುವುದೇ, ಅದಕ್ಕೆ ಮುಂದೆ ದಾರಿ ಹೇಳುತ್ತೇನೆ. ಕೊರಳಿನ ದಾರ, ಸರ, ಹಾರದಂಥ ಯಾವುದನ್ನೂ ನಿದ್ದೆಯಲ್ಲಿ ಉಳಿಸಬೇಡಿ. ಕಿಟಕಿ ಪರದೆಯ ಹಗ್ಗ, ವಿದ್ಯುತ್ ತಂತಿ ಮಗುವಿನ ಕೈಗೆ ಎಟುಕದಷ್ಟು ದೂರವಿರಲಿ. ಸೊಳ್ಳೆಪರದೆ ಹಾಕುವುದಾದರೆ ಬಿಗಿಯಾಗಿ ಕಟ್ಟಿ. ಸಡಿಲವಾಗಿ ಮುಖದ ಮೇಲೆ ಜೋತುಬೀಳಬಾರದು.

ಚಳಿಯೆನಿಸಿದರೆ ಕಂಬಳಿಯ ಬದಲು ತೋಳು ಹೊರಗಿಡುವ ನಿದ್ದೆಯ ಚೀಲ ಅಥವಾ ಇನ್ನೊಂದು ಪದರ ಅಂಗಿ ಹಾಕಿ. ಲೆಕ್ಕ ಸುಲಭ: ಆ ಕೋಣೆಯಲ್ಲಿ ನಿಮಗೆ ಹಿತವೆನಿಸುವುದಕ್ಕಿಂತ ಹೆಚ್ಚೆಂದರೆ ಒಂದು ಪದರ ಜಾಸ್ತಿ. ಸೆಕೆಯಲ್ಲಿ ಆ ಒಂದೂ ಬೇಡ. ಮಗುವಿನ ಕೈಕಾಲು ಮುಟ್ಟಿ ತಣ್ಣಗಿದೆ ಎಂದು ತೀರ್ಮಾನಿಸಬೇಡಿ, ಎಳೆಮಕ್ಕಳ ಕೈಕಾಲು ತಣ್ಣಗಿರುವುದೇ ಸಾಮಾನ್ಯ. ಕತ್ತಿನ ಹಿಂಭಾಗ ಅಥವಾ ಎದೆ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ, ಸುಡುತ್ತಿದ್ದರೆ, ಕೆನ್ನೆ ಕೆಂಪಾಗಿದ್ದರೆ ಬಟ್ಟೆ ಕಡಿಮೆ ಮಾಡಿ. ಮನೆಯೊಳಗೆ ಮಲಗಿದಾಗ ಟೋಪಿ ಬೇಡ. ಶಾಖ ಹೊರಹೋಗುವ ಮುಖ್ಯ ದಾರಿಯನ್ನೇ ಅದು ಮುಚ್ಚುತ್ತದೆ, ಜಾರಿ ಮೂಗಿನ ಮೇಲೂ ಬರುತ್ತದೆ.

ಹೊಗೆಯ ಬಗ್ಗೆ ಒಂದು ಮಾತು, ಏಕೆಂದರೆ ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬೋರಲು ಮಲಗಿಸುವುದರ ನಂತರ ಅತಿ ದೊಡ್ಡ ಕಾರಣಗಳಲ್ಲಿ ತಂಬಾಕಿನ ಹೊಗೆಯೂ ಒಂದು, ಗರ್ಭದಲ್ಲಿದ್ದಾಗಿನದೂ ಸೇರಿ. ಹೊರಗೆ ಹೋಗಿ ಸೇದಿ ಬಂದರೂ ಬಟ್ಟೆಯಲ್ಲಿ, ಉಸಿರಿನಲ್ಲಿ ಅದು ಒಳಗೆ ಬರುತ್ತದೆ. ಮಗು ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿಯ ಹೊಗೆಯೂ ಬೇಡ.

ಜೊತೆಯಲ್ಲೇ ಮಲಗಿಸಿಕೊಳ್ಳಬಹುದೇ?

ಒಂದೇ ಕೋಣೆ, ಬೇರೆ ಹಾಸಿಗೆ. ನಿಮ್ಮ ಮಂಚಕ್ಕೆ ತಾಗಿದಂತೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ತೊಟ್ಟಿಲಿಡಿ. ಕನಿಷ್ಠ ಆರು ತಿಂಗಳು ಹೀಗೇ ಇರಲಿ. ಮಗುವಿನ ಸದ್ದು ನಿಮಗೆ, ನಿಮ್ಮ ಸದ್ದು ಮಗುವಿಗೆ ಕೇಳುತ್ತದೆ. ರಾತ್ರಿ ಎದ್ದು ಹಾಲೂಡುವುದೂ ಸುಲಭ. ನಿಮ್ಮ ಆ ಸಣ್ಣಪುಟ್ಟ ಸದ್ದುಗಳು ಮಗು ಅತಿ ಗಾಢ ನಿದ್ದೆಗೆ ಜಾರದಂತೆ ತಡೆಯುತ್ತವೆ ಎಂಬುದು ಒಂದು ವಿವರಣೆ.

ಒಂದೇ ಹಾಸಿಗೆಯಲ್ಲಿ ಮಲಗಿಸಿಕೊಳ್ಳುವುದನ್ನು ನಾವು ಸಲಹೆ ಮಾಡುವುದಿಲ್ಲ. ಹಾಗೆಂದು ಎಲ್ಲ ಸಂದರ್ಭವೂ ಸಮಾನ ಅಪಾಯದ್ದಲ್ಲ, ಅದನ್ನು ಮುಚ್ಚಿಡುವುದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ. ಮಗುವಿಗೆ ನಾಲ್ಕು ತಿಂಗಳು ತುಂಬಿಲ್ಲವೇ, 37 ವಾರಕ್ಕೆ ಮೊದಲೇ ಹುಟ್ಟಿದೆಯೇ, ಹುಟ್ಟಿದಾಗ ಎರಡೂವರೆ ಕಿಲೋಗಿಂತ ಕಡಿಮೆ ಇತ್ತೇ, ತಾಯಿತಂದೆಯರಲ್ಲಿ ಯಾರಾದರೂ ಸಿಗರೇಟು ಸೇದುತ್ತಾರೆಯೇ, ಆ ರಾತ್ರಿ ಮದ್ಯ ಕುಡಿದಿದ್ದಾರೆಯೇ, ನಿದ್ದೆ ಬರಿಸುವ ಮಾತ್ರೆ ಅಥವಾ ಶೀತದ ಔಷಧಿ ತೆಗೆದುಕೊಂಡಿದ್ದಾರೆಯೇ, ಹಾಸಿಗೆ ಮೆತ್ತಗಿದೆಯೇ, ಅಣ್ಣಅಕ್ಕಂದಿರೂ ಅದೇ ಹಾಸಿಗೆಯಲ್ಲಿದ್ದಾರೆಯೇ? ಇವುಗಳಲ್ಲಿ ಒಂದಕ್ಕೆ ಹೌದೆಂದರೂ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಲೇಬೇಡಿ. ಮೊದಲ ಪ್ರಶ್ನೆಗೇ ನಿಮ್ಮ ಉತ್ತರ ಹೌದು, ಆದ್ದರಿಂದ ಈಗ ಬೇಡ.

ಎದೆಹಾಲು ಈ ಸಾವಿನ ಅಪಾಯವನ್ನು ತಗ್ಗಿಸುತ್ತದೆ. ಎರಡು ತಿಂಗಳಾದರೂ ಎದೆಹಾಲು ಕುಡಿದ ಮಕ್ಕಳಲ್ಲಿ ಅಪಾಯ ಸುಮಾರು ಅರ್ಧದಷ್ಟಾಗುತ್ತದೆ. ಎದೆಹಾಲು ಕುಡಿಯುವ ಮಕ್ಕಳು ಹೆಚ್ಚು ಸಲ ಎಚ್ಚರವಾಗುತ್ತವೆ ಎಂದು ದೂರುವವರು ಇದನ್ನು ನೆನಪಿಡಬೇಕು. ಮಲಗುವಾಗ ಪ್ಯಾಸಿಫೈಯರ್ (ಚೀಪಲು ಕೊಡುವ ಬರಿಯ ನಿಪ್ಪಲ್) ಕೊಡುವುದೂ ಅಪಾಯ ಕಡಿಮೆ ಮಾಡುತ್ತದೆ. ಮಗು ಎದೆಗೆ ಚೆನ್ನಾಗಿ ಹೊಂದಿಕೊಂಡ ಮೇಲೆ ಮಾತ್ರ ಶುರುಮಾಡಿ, ನಿಮ್ಮ ಮಗುವಿಗೆ ಆ ಹಂತ ಬಂದಿರುತ್ತದೆ. ದಾರ ಕಟ್ಟಬೇಡಿ. ನಿದ್ದೆಯಲ್ಲಿ ಬಿದ್ದುಹೋದರೆ ಮತ್ತೆ ಬಾಯಿಗಿಡುವ ಅಗತ್ಯವಿಲ್ಲ, ಬೇಡವೆಂದರೆ ಒತ್ತಾಯವೂ ಬೇಡ.

ಇಪ್ಪತ್ತು ನಿಮಿಷಕ್ಕೆ ಏಕೆ ಏಳುತ್ತದೆ?

ನಿಮ್ಮ ನಿಜವಾದ ಗೋಳು ಇದೇ ಇರಬೇಕು. ಮಗುವಿನ ನಿದ್ದೆಯ ಒಂದು ಸುತ್ತು ಸುಮಾರು 50 ನಿಮಿಷ, ದೊಡ್ಡವರದು 90. ಅದರಲ್ಲಿ ಅರ್ಧದಷ್ಟು ಚಟುವಟಿಕೆಯ ನಿದ್ದೆ: ಕಣ್ಣುಗುಡ್ಡೆ ಹೊರಳುತ್ತದೆ, ಮುಖ ಕಿವುಚುತ್ತದೆ, ಗೊರಗೊರ ಸದ್ದು ಬರುತ್ತದೆ, ಕೈಕಾಲು ಜಗ್ಗುತ್ತದೆ. ದೊಡ್ಡವರು ನಿದ್ದೆಗೆ ಹೋದೊಡನೆ ಶಾಂತ ನಿದ್ದೆಗೆ ಇಳಿಯುತ್ತಾರೆ. ಮೊದಲ ಮೂರು ತಿಂಗಳ ಮಕ್ಕಳು ಮೊದಲು ಚಟುವಟಿಕೆಯ ನಿದ್ದೆಗೆ ಹೋಗುತ್ತವೆ, ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಶಾಂತ ನಿದ್ದೆಗೆ ತಿರುಗುತ್ತವೆ. ತೋಳಿನಲ್ಲಿ ಕಣ್ಣುಮುಚ್ಚಿದ ಕೂಡಲೇ ಕೆಳಗಿಟ್ಟರೆ ಏಳುವುದು ಅದಕ್ಕೇ. ಜೊತೆಗೆ ಬೆಚ್ಚುವ ಪ್ರತಿವರ್ತನೆ ಇದೆ: ತಲೆ ಹಠಾತ್ತನೆ ಹಿಂದಕ್ಕೆ ವಾಲಿದರೆ ಅಥವಾ ಸದ್ದಾದರೆ ಎರಡೂ ತೋಳು ಚಾಚಿ ಅಳುತ್ತದೆ. ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಅದು ತಾನೇ ಮಾಯವಾಗುತ್ತದೆ.

ಆದ್ದರಿಂದ ಎರಡು ದಾರಿ. ಒಂದು, ನಿದ್ದೆ ಬಂದು ಕಣ್ಣು ಎಳೆಯುತ್ತಿರುವಾಗ, ಪೂರ್ತಿ ಮಲಗುವ ಮೊದಲೇ ತೊಟ್ಟಿಲಿಗೆ ಹಾಕುವುದು. ಎಲ್ಲಿ ಕಣ್ಣುಮುಚ್ಚಿತೋ ಅಲ್ಲೇ ಕಣ್ಣುಬಿಟ್ಟರೆ ಮಗು ಗಾಬರಿಯಾಗುವುದಿಲ್ಲ. ಹತ್ತು ವಾರಕ್ಕೆ ಇದು ಪ್ರತಿ ಸಲ ಫಲಿಸುವುದಿಲ್ಲ. ದಿನಕ್ಕೊಮ್ಮೆ, ಬೆಳಗಿನ ಮೊದಲ ನಿದ್ದೆಗೆ ಪ್ರಯತ್ನಿಸಿದರೆ ಸಾಕು. ಇನ್ನೊಂದು, ತೋಳಿನಲ್ಲೇ ಮಲಗಿದರೆ, ಮಗುವಿನ ಕೈಯನ್ನು ಎತ್ತಿ ಬಿಟ್ಟಾಗ ಅದು ಸೋತು ಜೋತುಬೀಳುವವರೆಗೆ ಕಾಯುವುದು. ಆಮೇಲೆ ಇಳಿಸುವ ರೀತಿ ಮುಖ್ಯ. ಮಗುವನ್ನು ನಿಮ್ಮ ಎದೆಗೆ ತಾಗಿಸಿಕೊಂಡೇ ತೊಟ್ಟಿಲಿನ ಮೇಲೆ ಬಗ್ಗಿ, ಮೊದಲು ಪಾದ, ಆಮೇಲೆ ಪೃಷ್ಠ, ಬೆನ್ನು, ಕೊನೆಗೆ ತಲೆ ತಾಗಲಿ. ತಲೆ ಮೊದಲು ತಾಗಿದರೆ ಬೀಳುತ್ತಿರುವಂತೆ ಭಾಸವಾಗಿ ಬೆಚ್ಚುತ್ತದೆ. ತಲೆಯ ಕೆಳಗಿನ ಕೈ ತೆಗೆದ ಮೇಲೂ ಇನ್ನೊಂದು ಕೈಯನ್ನು ಎದೆಯ ಮೇಲೆ ಒಂದೆರಡು ನಿಮಿಷ ಹಗುರವಾಗಿ ಇಟ್ಟುಕೊಂಡಿರಿ.

ರಾತ್ರಿ ಗೊರಗುಟ್ಟಿದ ಕೂಡಲೇ ಎತ್ತಿಕೊಳ್ಳಬೇಡಿ. ಒಂದು ನಿಮಿಷ ನೋಡಿ. ಕಣ್ಣುಮುಚ್ಚಿಕೊಂಡೇ ಮುಲುಗುತ್ತಿದ್ದರೆ ಅದು ಇನ್ನೂ ನಿದ್ದೆಯಲ್ಲೇ ಇದೆ. ಎತ್ತಿದರೆ ನೀವೇ ಎಬ್ಬಿಸಿದಂತಾಗುತ್ತದೆ. ನಿಜವಾಗಿ ಎದ್ದರೆ ಮಂದ ಬೆಳಕು, ಮಾತಿಲ್ಲ, ಆಟವಿಲ್ಲ. ಮಲ ಮಾಡಿದ್ದರೆ ಮಾತ್ರ ಡಯಾಪರ್ ಬದಲಿಸಿ. ಬೆಳಗ್ಗೆ ಕಿಟಕಿ ತೆರೆದು ಬೆಳಕು ತೋರಿಸಿ. ಹಗಲು-ರಾತ್ರಿಯ ವ್ಯತ್ಯಾಸ ಮೈಗೆ ಹಿಡಿಯತೊಡಗುವುದು ಎರಡು-ಮೂರು ತಿಂಗಳಿನಿಂದ. ಈ ವಯಸ್ಸಿನ ಮಗು ಒಂದು ಗಂಟೆಯಿಂದ ಒಂದೂವರೆ ಗಂಟೆ ಎಚ್ಚರವಿದ್ದರೆ ಮತ್ತೆ ನಿದ್ದೆ ಬೇಕಾಗುತ್ತದೆ. ಅದು ದಾಟಿದರೆ ಸುಸ್ತಾಗಿ ಅಳುತ್ತದೆಯೇ ಹೊರತು ಸುಲಭವಾಗಿ ಮಲಗುವುದಿಲ್ಲ. ಆಕಳಿಕೆಗಿಂತ ಮೊದಲು ಬರುವ ಗುರುತು, ನಿಮ್ಮ ಮುಖದಿಂದ ನೋಟ ಬೇರೆಡೆಗೆ ಹೊರಳುವುದು. ಒಂದೇ ಸಮನೆ ಬರುವ ಮೆಲುಸದ್ದು ಹಾಕುವುದಾದರೆ ಯಂತ್ರ ತೊಟ್ಟಿಲಿನಿಂದ ಎರಡು ಮೀಟರ್ ದೂರವಿರಲಿ, ಸದ್ದು ಆದಷ್ಟು ಕಡಿಮೆಯಿರಲಿ.

ಬಟ್ಟೆ ಸುತ್ತುವುದರಿಂದ ಬೆಚ್ಚುವುದು ಕಡಿಮೆಯಾಗುತ್ತದೆ. ಆದರೆ ಷರತ್ತುಗಳಿವೆ. ತೆಳು ಹತ್ತಿ ಬಟ್ಟೆ, ಒಂದೇ ಪದರ. ಎದೆಯ ಮೇಲೆ ಎರಡು ಬೆರಳು ಹೋಗುವಷ್ಟು ಸಡಿಲ. ಸೊಂಟದ ಕೆಳಗೆ ಇನ್ನೂ ಸಡಿಲ: ಮೊಣಕಾಲು ಮಡಿಸಿ ಹೊರಕ್ಕೆ ಅಗಲಿಸಲು ಜಾಗ ಬೇಕು, ಕಾಲು ನೇರಮಾಡಿ ಬಿಗಿದರೆ ತೊಡೆಯ ಕೀಲು ತಪ್ಪಬಹುದು. ಬಟ್ಟೆಯ ಅಂಚು ಭುಜಕ್ಕಿಂತ ಮೇಲೆ ಬರಬಾರದು. ಸುತ್ತಿದ ಮಗು ಅಂಗಾತವೇ ಇರಬೇಕು. ಸುತ್ತಿ ಬೋರಲು ಹಾಕುವುದು ಬಹಳ ಅಪಾಯ. ಮಗುಚಿಕೊಳ್ಳಲು ಪ್ರಯತ್ನಿಸುವ ಮೊದಲ ಲಕ್ಷಣ ಕಂಡ ದಿನವೇ ಸುತ್ತುವುದನ್ನು ನಿಲ್ಲಿಸಿ, ಸಾಮಾನ್ಯವಾಗಿ ಅದು ಮೂರು-ನಾಲ್ಕು ತಿಂಗಳಿಗೆ ಬರುತ್ತದೆ. ನಿಮಗೆ ಉಳಿದಿರುವುದು ಕೆಲವೇ ವಾರ. ಇನ್ನೂ ಶುರುಮಾಡಿಲ್ಲದಿದ್ದರೆ ಹೊಸದಾಗಿ ಕಲಿಸದಿರುವುದೇ ವಾಸಿ ಎಂದು ನಮ್ಮ ಅಭಿಪ್ರಾಯ. ಭಾರ ತುಂಬಿದ ಸುತ್ತುಬಟ್ಟೆ, ಭಾರದ ನಿದ್ದೆಯ ಚೀಲಗಳನ್ನು ಎಂದಿಗೂ ಬಳಸಬೇಡಿ.

ನಿದ್ದೆಗೆಂದು ಯಾವ ಸಿರಪ್ಪೂ ಬೇಡ. ಅಲರ್ಜಿ ಮತ್ತು ಶೀತದ ಸಿರಪ್‌ಗಳಲ್ಲಿ ಕೆಲವು ಎಚ್ಚರಗೊಳ್ಳುವ ಶಕ್ತಿಯನ್ನೇ ಮಂಕುಮಾಡುತ್ತವೆ. ಜೇನುತುಪ್ಪ ಒಂದು ವರ್ಷದೊಳಗೆ ತೊಟ್ಟೂ ಬೇಡ, ಅದರಿಂದ ಬೊಟುಲಿಸಂ ಎಂಬ, ಸ್ನಾಯುಗಳನ್ನು ಸೋಲಿಸುವ ಗಂಭೀರ ಕಾಯಿಲೆ ಬರಬಹುದು. ಕಾಲಿಗೆ ಹಾಕುವ ಕಾಲುಚೀಲದಂಥ ಆಮ್ಲಜನಕ-ಮಾಪಕಗಳಿಂದ ಹಠಾತ್ ಮರಣ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅದನ್ನು ಹಾಕಿದ್ದೇವೆಂಬ ಧೈರ್ಯದಲ್ಲಿ ಬೋರಲು ಮಲಗಿಸುವುದು ಅದರ ನಿಜವಾದ ಅಪಾಯ.

ಬೋರಲು ಬೇಕು, ಎಚ್ಚರವಿದ್ದಾಗ

ತಲೆಯ ಹಿಂಭಾಗ ಚಪ್ಪಟೆಯಾಗುವುದನ್ನು ತಡೆಯಲು, ಕುತ್ತಿಗೆ ಮತ್ತು ಭುಜ ಬಲಿಯಲು, ಎಚ್ಚರವಿದ್ದಾಗ ನಿಮ್ಮ ಕಣ್ಣೆದುರು ಬೋರಲು ಆಡಿಸಿ. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ದಿನಕ್ಕೆ ಹಲವು ಸಲ. ಏಳು ವಾರದ ಹೊತ್ತಿಗೆ ದಿನಕ್ಕೆ ಒಟ್ಟು 15ರಿಂದ 30 ನಿಮಿಷ ಆಗಬೇಕು. ಡಯಾಪರ್ ಬದಲಿಸಿದ ಮೇಲೆ ಒಳ್ಳೆಯ ಹೊತ್ತು, ಹಾಲು ಕುಡಿದ ತಕ್ಷಣ ಬೇಡ. ನೆಲದ ಮೇಲೆ ಅಳುತ್ತದಾದರೆ ನೀವು ಒರಗಿ ಕುಳಿತು ನಿಮ್ಮ ಎದೆಯ ಮೇಲೆ ಬೋರಲು ಹಾಕಿಕೊಳ್ಳಿ, ಇಬ್ಬರೂ ಎಚ್ಚರವಾಗಿರಿ. ತೊಟ್ಟಿಲಿನಲ್ಲಿ ಒಂದು ದಿನ ತಲೆ ಇಟ್ಟ ಕಡೆ ಮರುದಿನ ಕಾಲಿಡಿ. ಮಗು ಬಾಗಿಲು ಅಥವಾ ಬೆಳಕಿನ ಕಡೆಗೇ ನೋಡುವುದರಿಂದ ತಲೆ ತಾನಾಗಿ ಎರಡೂ ಮಗ್ಗುಲಿಗೆ ಹೊರಳುತ್ತದೆ. ಯಾವಾಗಲೂ ಒಂದೇ ಕಡೆ ತಿರುಗಿಸುತ್ತಿದ್ದರೆ, ಇನ್ನೊಂದು ಕಡೆ ತಿರುಗಿಸಲು ಹೋದರೆ ಅಳುತ್ತಿದ್ದರೆ, ಕುತ್ತಿಗೆಯ ಸ್ನಾಯು ಬಿಗಿದಿರಬಹುದು, ತೋರಿಸಿ.

ಮುಂದೆ ತಾನಾಗಿಯೇ ಎರಡೂ ಕಡೆಗೂ, ಅಂಗಾತದಿಂದ ಬೋರಲಿಗೂ ಬೋರಲಿನಿಂದ ಅಂಗಾತಕ್ಕೂ, ಮಗುಚಲು ಬಂದ ಮೇಲೆ ಅಂಗಾತ ಮಲಗಿಸಿ ಬಿಡಿ. ನಿದ್ದೆಯಲ್ಲಿ ಅದೇ ಬೋರಲಾದರೆ ರಾತ್ರಿಯೆಲ್ಲ ಎದ್ದು ತಿರುಗಿಸುತ್ತಾ ಕೂರಬೇಕಿಲ್ಲ. ತೊಟ್ಟಿಲು ಬರಿದಾಗಿರಬೇಕಾದ್ದು ಆಗ ಇನ್ನೂ ಮುಖ್ಯ.

ಅಳು ನಿಲ್ಲದೆ ನಿಮ್ಮ ತಾಳ್ಮೆ ಕಳಚುವ ರಾತ್ರಿಗಳು ಬರುತ್ತವೆ. ಅಳು ಆರರಿಂದ ಎಂಟು ವಾರಕ್ಕೆ ಶಿಖರ ಮುಟ್ಟಿ ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಮಗುವನ್ನು ತೊಟ್ಟಿಲಿನಲ್ಲಿ ಅಂಗಾತ ಮಲಗಿಸಿ, ಬೇರೆ ಕೋಣೆಗೆ ಹೋಗಿ ಐದು-ಹತ್ತು ನಿಮಿಷ ಕುಳಿತು ಬನ್ನಿ. ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ; ಕುಲುಕಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು.

ವೈದ್ಯರ ಬಳಿಗೆ ತಡಮಾಡದೆ ಓಡಬೇಕಾದ ಲಕ್ಷಣಗಳು: ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ, ಮೈ ತಣ್ಣಗಾಗಿರುವುದು, ಹಾಲು ಬಿಟ್ಟಿರುವುದು, ಎಬ್ಬಿಸಿದರೂ ಏಳದಷ್ಟು ಮಂಕು, ಶಾಂತವಾಗಿರುವಾಗ ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆಯುವುದು, ತುಟಿ ಅಥವಾ ನಾಲಿಗೆ ನೀಲಿಯಾಗುವುದು, ಸೆಳವು. ನಿದ್ದೆಯಲ್ಲಿ ಐದರಿಂದ ಹತ್ತು ಸೆಕೆಂಡು ಉಸಿರು ನಿಂತಂತಾಗಿ ಮತ್ತೆ ವೇಗವಾಗಿ ಶುರುವಾಗುವುದು ಎಳೆಮಕ್ಕಳಲ್ಲಿ ಸಾಮಾನ್ಯ. 20 ಸೆಕೆಂಡು ಮೀರಿದರೆ, ಬಣ್ಣ ಬದಲಾದರೆ ಅಥವಾ ಮೈ ಜೋತುಬಿದ್ದರೆ ಅದು ತುರ್ತು.

ಇನ್ನು ಅತ್ತೆಯವರ ಜೊತೆ ಮಾತು. ನೀವು ಸದಾ ಅಂಗಾತ ಮಲಗಿಸುತ್ತೀರಿ, ನೀವಿಲ್ಲದಾಗ ಅವರು "ಒಂದು ಹೊತ್ತು ಚೆನ್ನಾಗಿ ಮಲಗಲಿ" ಎಂದು ಬೋರಲು ಹಾಕುತ್ತಾರೆ ಎಂದುಕೊಳ್ಳಿ. ಸದಾ ಬೋರಲು ಮಲಗುವ ಮಗುವಿಗಿಂತ ಅಭ್ಯಾಸವಿಲ್ಲದೆ ಬೋರಲಾದ ಮಗುವಿಗೆ ಅಪಾಯ ಹಲವು ಪಟ್ಟು ಹೆಚ್ಚು. ಆ ಭಂಗಿಯಲ್ಲಿ ತಲೆ ಎತ್ತಿ ಮುಖ ಬಿಡಿಸಿಕೊಳ್ಳುವುದನ್ನು ಅದು ಕಲಿತೇ ಇರುವುದಿಲ್ಲ. ಆದ್ದರಿಂದ ಮಗುವನ್ನು ಮಲಗಿಸುವ ಪ್ರತಿಯೊಬ್ಬರಿಗೂ, ಒಂದೇ ಗಂಟೆಗೆ ನೋಡಿಕೊಳ್ಳಲು ಬಂದವರಿಗೂ, ಮೊದಲೇ ಹೇಳಿ. ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ ಎಂಬುದನ್ನು ಒಂದು ಕಾಗದದಲ್ಲಿ ಗೆರೆ ಎಳೆದು ತೋರಿಸಿ, ಅಥವಾ ಮುಂದಿನ ಲಸಿಕೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ ಈ ಪ್ರಶ್ನೆಯನ್ನು ಅವರೇ ವೈದ್ಯರಿಗೆ ಕೇಳಲಿ.